ಖಾಲಿ ತಕ್ಕಡಿಯ ಮುಳ್ಳೂ ನಡುವೆಯೇ ನಿಲ್ಲುತ್ತದೆ: ಅಪ್ರೋಚ್ ನಡುವೆ ಸಂಕೇತ ಕೈಕೊಟ್ಟಾಗ

ಎಲ್ಲರಿಗೂ ನಮಸ್ಕಾರ. ಇಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ (ಹೊರಗೆ ನೋಡದೆ ಉಪಕರಣಗಳಿಂದಲೇ ಹಾರಿಸುವ ಅರ್ಹತೆಗೆ) ಓದುತ್ತಿರುವವರೂ ಇದ್ದೀರಿ, ವಿಮಾನದ ಮೇಲಿನ ಆಸಕ್ತಿಯಿಂದ ಬಂದವರೂ ಇದ್ದೀರಿ. ಇಬ್ಬರಿಗೂ ಹೊಂದುವ ಹಾಗೆ ಒಂದು ಲೆಕ್ಕದಿಂದ ಶುರು ಮಾಡುತ್ತೇನೆ.

ಸುತ್ತ ಮೋಡ, ಹೊರಗೆ ಏನೂ ಕಾಣುತ್ತಿಲ್ಲ. ವಿಮಾನ 140 ನಾಟ್ (ಗಂಟೆಗೆ 140 ನಾಟಿಕಲ್ ಮೈಲು) ವೇಗದಲ್ಲಿ ರನ್‌ವೇ ಕಡೆಗೆ ಇಳಿಯುತ್ತಿದೆ; ಈ ಇಳಿಕೆಗೇ ಅಪ್ರೋಚ್ ಎನ್ನುವುದು. ರನ್‌ವೇ ತುದಿ ಇನ್ನೂ 4 ನಾಟಿಕಲ್ ಮೈಲು (ಒಂದಕ್ಕೆ 1.85 ಕಿಲೋಮೀಟರ್; ಮುಂದೆ ಮೈಲು ಎಂದರೆ ಇದೇ) ದೂರದಲ್ಲಿದೆ, ಎತ್ತರ ಸುಮಾರು 1,320 ಅಡಿ. ಆಗ ಇಳಿಜಾರಿನ ದಾರಿಗಿಂತ ಮೇಲಿದ್ದೇವೋ ಕೆಳಗೋ ಎಂದು ತೋರಿಸುವ ಗ್ಲೈಡ್ ಸ್ಲೋಪ್ ಮುಳ್ಳು ಮಾಯವಾಗಿ ಅದರ ಜಾಗದಲ್ಲಿ ಫ್ಲ್ಯಾಗ್, ಅಂದರೆ ಸಂಕೇತ ನಂಬುವಂತಿಲ್ಲ ಎನ್ನುವ ಗುರುತು, ಕಾಣಿಸಿಕೊಳ್ಳುತ್ತದೆ. ಆ ವೇಗದಲ್ಲಿ ಒಂದು ಮೈಲಿಗೆ ಹಿಡಿಯುವುದು 26 ಸೆಕೆಂಡ್. ಈ ಮಾತು ಹೇಳಿ ಮುಗಿಸುವಷ್ಟರಲ್ಲಿ ವಿಮಾನ ಒಂದು ಮೈಲು ಮುಂದೆ ಹೋಗಿ ಮುನ್ನೂರು ಚಿಲ್ಲರೆ ಅಡಿ ಕೆಳಗಿಳಿದಿರುತ್ತದೆ.

ಈಗ ಏನು ಮಾಡಬೇಕು? ಆ ಪ್ರಶ್ನೆಯನ್ನು ಆ ಕ್ಷಣದಲ್ಲಿ ಮೊದಲ ಬಾರಿಗೆ ಕೇಳಿಕೊಳ್ಳುವಂತಾದರೆ ಅಷ್ಟರಲ್ಲೇ ತಡವಾಗಿದೆ ಎಂದರ್ಥ. ಉತ್ತರ ಇಳಿಯುವ ಮೊದಲೇ, ಪೈಲಟ್‌ಗಳು ಯೋಜನೆ ಮಾತಾಡಿಕೊಳ್ಳುವ ಬ್ರೀಫಿಂಗ್‌ನಲ್ಲೇ ಸಿದ್ಧವಾಗಿರಬೇಕು. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತು: ಫ್ಲ್ಯಾಗ್ ತೋರಿಸಿ ಕೆಡುವ ಉಪಕರಣ ಕೆಡುವಾಗಲೂ ಪ್ರಾಮಾಣಿಕವಾಗಿರುತ್ತದೆ. ಫ್ಲ್ಯಾಗ್ ಇಲ್ಲದೆ, ಮುಳ್ಳು ನೆಟ್ಟಗೆ ನಡುವೆ ನಿಂತೇ ಕೆಡುವುದಿದೆಯಲ್ಲ, ಅದೇ ಜೀವ ತೆಗೆಯುವಂಥದ್ದು. ಈ ಎರಡನ್ನೂ ಇವತ್ತು ನೋಡೋಣ.

ಮೊದಲು ಐಎಲ್‌ಎಸ್, ಅಂದರೆ ಮೋಡದಲ್ಲೂ ರನ್‌ವೇಗೆ ದಾರಿ ತೋರಿಸುವ ರೇಡಿಯೋ ವ್ಯವಸ್ಥೆ, ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಅದು ಕೆಡುವ ರೀತಿ ಅದು ಕೆಲಸ ಮಾಡುವ ರೀತಿಯಿಂದಲೇ ಹುಟ್ಟುತ್ತದೆ. ಎಡ ಬಲ ತೋರಿಸುವ ಲೋಕಲೈಸರ್‌ನ ಆಂಟೆನಾ ರನ್‌ವೇಯ ಆಚೆ ತುದಿಯಿಂದಲೂ ಆಚೆಗೆ, ಇಳಿಯುವವರಿಗೆ ಮುಖ ಮಾಡಿ ನಿಂತಿರುತ್ತದೆ. 108.10ರಿಂದ 111.95 ಮೆಗಾಹರ್ಟ್ಸ್ ನಡುವಿನ ಒಂದು ಫ್ರೀಕ್ವೆನ್ಸಿಯಲ್ಲಿ ಅದು ಎರಡು ಸ್ವರಗಳನ್ನು ಹೊರಡಿಸುತ್ತದೆ. ಇಳಿಯುವವರ ಎಡಕ್ಕೆ 90 ಹರ್ಟ್ಸ್ ಹೆಚ್ಚು, ಬಲಕ್ಕೆ 150 ಹರ್ಟ್ಸ್ ಹೆಚ್ಚು. ಗ್ಲೈಡ್ ಸ್ಲೋಪ್ ಆಂಟೆನಾ ಇರುವುದು ಇಳಿಯುವ ತುದಿಯಿಂದ ಸುಮಾರು 300 ಮೀಟರ್ ಒಳಗೆ, ರನ್‌ವೇ ಪಕ್ಕದಲ್ಲಿ. ಅದರ ಫ್ರೀಕ್ವೆನ್ಸಿ 330 ಮೆಗಾಹರ್ಟ್ಸ್ ಆಸುಪಾಸು. ಅಲ್ಲೂ ಅದೇ ಸ್ವರಗಳು, ದಾರಿಗಿಂತ ಮೇಲಿದ್ದರೆ 90 ಹೆಚ್ಚು, ಕೆಳಗಿದ್ದರೆ 150 ಹೆಚ್ಚು. ವಿಮಾನದ ರಿಸೀವರ್ ಈ ಎರಡನ್ನು ತೂಗುತ್ತದೆ. ಸಮ ಬಂದರೆ ಮುಳ್ಳು ನಡುವೆ.

ತಕ್ಕಡಿ ನೆನಪಿಸಿಕೊಳ್ಳಿ. ಎರಡೂ ತಟ್ಟೆಯಲ್ಲಿ ಸಮತೂಕ ಇಟ್ಟಾಗ ಮುಳ್ಳು ನಡುವೆ ನಿಲ್ಲುತ್ತದೆ. ಎರಡೂ ತಟ್ಟೆ ಖಾಲಿ ಇದ್ದಾಗಲೂ ಅದು ನಡುವೆಯೇ ನಿಲ್ಲುತ್ತದೆ. ನೆಲದ ಮೇಲಿನ ಯಂತ್ರ ಅರ್ಧ ಕೆಟ್ಟು, ದಿಕ್ಕಿನ ವ್ಯತ್ಯಾಸ ಹೇಳುವ ಸಂಕೇತ ನಿಂತುಹೋಗಿ, ಎರಡೂ ಸ್ವರ ಎಲ್ಲ ಕಡೆಗೂ ಸಮವಾಗಿ ಹೊರಟರೆ ರಿಸೀವರ್‌ಗೆ ಅದು ತಿಳಿಯುವುದಿಲ್ಲ. ಸಂಕೇತ ಬಲವಾಗಿದೆ, ಎರಡು ಸ್ವರವೂ ಇದೆ, ಆದ್ದರಿಂದ ಫ್ಲ್ಯಾಗ್ ಬೀಳುವುದಿಲ್ಲ. ವಿಮಾನ 3,000 ಅಡಿಯಲ್ಲಿರಲಿ, 300 ಅಡಿಯಲ್ಲಿರಲಿ, ಮುಳ್ಳು "ಸರಿಯಾದ ದಾರಿಯಲ್ಲಿದ್ದೀರಿ" ಎನ್ನುತ್ತಲೇ ಇರುತ್ತದೆ.

ಇದು ಬರೀ ಪುಸ್ತಕದ ಸಾಧ್ಯತೆಯಲ್ಲ. 2000ನೇ ಇಸವಿ ಜುಲೈ 29ರ ರಾತ್ರಿ ಏರ್ ನ್ಯೂಜಿಲೆಂಡ್‌ನ ಬೋಯಿಂಗ್ 767, ಫ್ಲೈಟ್ 60, ಸಮೋವಾದ ಫಲಿಯೋಲೋ ನಿಲ್ದಾಣಕ್ಕೆ ಇಳಿಯುತ್ತಿತ್ತು. ಅಲ್ಲಿನ ಗ್ಲೈಡ್ ಸ್ಲೋಪ್ ಯಂತ್ರದಲ್ಲಿ ತಪ್ಪು ಸಂಕೇತವನ್ನು ತಡೆಯಬೇಕಾದ ಮಾನಿಟರ್ ಬೈಪಾಸ್ ಆಗಿತ್ತು. ಯಂತ್ರದ ಸ್ಥಿತಿಯನ್ನು ಟವರ್‌ಗೆ ತಿಳಿಸುವ ಕೇಬಲ್ ಕಡಿದುಹೋಗಿತ್ತು. ಯಾವ ಐಎಲ್‌ಎಸ್ ಎಂದು ಹೇಳುವ ಗುರುತಿನ ಮೋರ್ಸ್ ಸದ್ದು ಸರಿಯಾಗಿ ಕೇಳಿಸಿತು, ಫ್ಲ್ಯಾಗ್ ಇರಲಿಲ್ಲ, ಆಟೋಪೈಲಟ್ ಗ್ಲೈಡ್ ಸ್ಲೋಪ್ ಹಿಡಿದು ಇಳಿಸತೊಡಗಿತು, ಮುಳ್ಳು ಅಲುಗಲಿಲ್ಲ. ದೂರ ಅಳೆಯುವ ಉಪಕರಣ ಡಿಎಂಇ ತೋರಿಸುತ್ತಿದ್ದ ದೂರಕ್ಕೂ ಹೊರಗೆ ಕಂಡ ದೀಪಗಳಿಗೂ ಎತ್ತರ ತಾಳೆಯಾಗುತ್ತಿಲ್ಲ ಎಂದು ಸಿಬ್ಬಂದಿಗೆ ಹೊಳೆದು ಗೋ-ಅರೌಂಡ್ ಮಾಡಿದಾಗ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿದಾಗ) ರನ್‌ವೇ ಇನ್ನೂ ಐದೂವರೆ ಮೈಲು ದೂರದಲ್ಲಿತ್ತು, ವಿಮಾನ 400 ಅಡಿಗಿಂತ ಕೆಳಗಿತ್ತು. 3 ಡಿಗ್ರಿ ದಾರಿಯಲ್ಲಿ ಅಲ್ಲಿ ಇರಬೇಕಾಗಿದ್ದದ್ದು ಸುಮಾರು 1,800 ಅಡಿ. ಎಲ್ಲರೂ ಬದುಕಿದರು. ಯಂತ್ರ ಕೊಟ್ಟ ಎಲ್ಲ ಭರವಸೆಯೂ ಸುಳ್ಳಾಗಿದ್ದ ರಾತ್ರಿಯಲ್ಲಿ ಅವರನ್ನು ಉಳಿಸಿದ್ದು ದೂರ ಮತ್ತು ಎತ್ತರವನ್ನು ಒಂದಕ್ಕೊಂದು ತಾಳೆ ಹಾಕಿದ್ದು.

ಆ ತಾಳೆಯ ಲೆಕ್ಕವನ್ನು ಬಾಯಿಪಾಠ ಮಾಡಿಕೊಳ್ಳಿ. 3 ಡಿಗ್ರಿ ಇಳಿಜಾರಿನಲ್ಲಿ ಒಂದು ನಾಟಿಕಲ್ ಮೈಲಿಗೆ 318 ಅಡಿ. ರನ್‌ವೇ ತುದಿಯನ್ನು ದಾಟುವಾಗ 50 ಅಡಿ ಎತ್ತರದಲ್ಲಿರುತ್ತೇವೆ. ಹಾಗಾದರೆ ತುದಿಯಿಂದ 5 ಮೈಲಿಯಲ್ಲಿ 1,640, 4ರಲ್ಲಿ 1,320, 3ರಲ್ಲಿ 1,000, 2ರಲ್ಲಿ 690 ಅಡಿ. ಇದಕ್ಕೆ ರನ್‌ವೇಯ ಎತ್ತರ ಸೇರಿಸಿಕೊಳ್ಳಬೇಕು. ತಲೆಯಲ್ಲಿ ಮಾಡುವುದಾದರೆ ಮೈಲು ಗುಣಿಸು 300 ಸಾಕು, ಸ್ವಲ್ಪ ಕಡಿಮೆ ಬರುತ್ತದೆ ಅಷ್ಟೆ. ನಾವಿಲ್ಲಿ ಹುಡುಕುತ್ತಿರುವುದು 50 ಅಡಿಯ ವ್ಯತ್ಯಾಸವನ್ನಲ್ಲ, ಸಾವಿರ ಅಡಿಯ ಸುಳ್ಳನ್ನು. ಇಳಿಯುವ ವೇಗಕ್ಕೆ ನೆಲದ ಮೇಲಿನ ವೇಗವನ್ನು 5ರಿಂದ ಗುಣಿಸಿ: 140 ನಾಟ್‌ಗೆ ನಿಮಿಷಕ್ಕೆ 700 ಅಡಿ, ಕರಾರುವಾಕ್ಕಾಗಿ ಹೇಳುವುದಾದರೆ 740. ಗ್ಲೈಡ್ ಸ್ಲೋಪ್ ಮುಳ್ಳು ನಡುವೆ ಇದ್ದೂ ಇಳಿಯುವ ವೇಗ 1,100 ತೋರಿಸುತ್ತಿದ್ದರೆ, ಹಿಂಗಾಳಿ ಜೋರಾಗಿಲ್ಲದಿದ್ದರೆ, ಏನೋ ತಪ್ಪಿದೆ.

ಈ ತಾಳೆಯನ್ನು ಯಾವಾಗ ನೋಡಬೇಕು? ಅಪ್ರೋಚ್‌ನ ಕೊನೆಯ ಹಂತ ಶುರುವಾಗುವ ಬಿಂದುವಾದ ಫೈನಲ್ ಅಪ್ರೋಚ್ ಫಿಕ್ಸ್ ದಾಟುವಾಗ ಕಡ್ಡಾಯವಾಗಿ. ಚಾರ್ಟ್‌ನಲ್ಲಿ ಅಲ್ಲಿಗೆ ಇಂತಿಷ್ಟು ಎತ್ತರ ಎಂದು ಅಚ್ಚಾಗಿರುತ್ತದೆ. ಮುಳ್ಳು ನಡುವಿರುವಾಗ ಗಾಳಿಯ ಒತ್ತಡದಿಂದ ಎತ್ತರ ಹೇಳುವ ಆಲ್ಟಿಮೀಟರ್ ಅದೇ ಅಂಕಿ ತೋರಿಸಬೇಕು. ತೋರಿಸದಿದ್ದರೆ ಸಾಧ್ಯತೆ ಮೂರು: ಒತ್ತಡದ ಸೆಟ್ಟಿಂಗ್ ತಪ್ಪಾಗಿದೆ, ಚಳಿಯಿಂದ ಆಲ್ಟಿಮೀಟರ್ ಹೆಚ್ಚು ಓದುತ್ತಿದೆ, ಇಲ್ಲವೇ ಗ್ಲೈಡ್ ಸ್ಲೋಪ್ ಸುಳ್ಳು. ಒತ್ತಡದಲ್ಲಿ 1 ಹೆಕ್ಟೋಪಾಸ್ಕಲ್ ತಪ್ಪಿದರೆ ಸುಮಾರು 28 ಅಡಿ, 10 ತಪ್ಪಿದರೆ 280 ಅಡಿ. ಅದಕ್ಕಿಂತ ದೊಡ್ಡ ವ್ಯತ್ಯಾಸ ಕಂಡರೆ ಕಾರಣ ಹುಡುಕುತ್ತಾ ಇಳಿಯಬಾರದು; ಮೇಲೆ ಹೋಗಿ ಹುಡುಕಬೇಕು. ಸುಳ್ಳು ದಾರಿಗಳಲ್ಲಿ ಮತ್ತೊಂದು ಬಗೆಯೂ ಇದೆ. ಯಂತ್ರ ಸರಿಯಾಗಿದ್ದರೂ ಆಂಟೆನಾದ ಸ್ವಭಾವದಿಂದಲೇ 9 ಡಿಗ್ರಿ ಆಸುಪಾಸಿನಲ್ಲಿ ಒಂದು ಹುಸಿ ಗ್ಲೈಡ್ ಸ್ಲೋಪ್ ಹುಟ್ಟುತ್ತದೆ. ಮೇಲಿನಿಂದ ಅವಸರದಲ್ಲಿ ಧುಮುಕಿ ದಾರಿ ಹಿಡಿಯಲು ಹೋದವರು ಅದಕ್ಕೆ ಸಿಕ್ಕಿಬೀಳುತ್ತಾರೆ. ಗ್ಲೈಡ್ ಸ್ಲೋಪನ್ನು ಕೆಳಗಿನಿಂದಲೇ ಹಿಡಿಯಬೇಕು ಎನ್ನುವ ನಿಯಮದ ಹಿಂದೆ ಇದೇ ಕಾರಣವಿದೆ.

ಗುರುತಿನ ಮೋರ್ಸ್ ಬಗ್ಗೆ ಒಂದೆರಡು ಮಾತು, ಏಕೆಂದರೆ ಬಹಳ ಮಂದಿ ಅದನ್ನು ಶಾಸ್ತ್ರಕ್ಕೆಂದು ಕೇಳುತ್ತಾರೆ. ಪ್ರತಿ ಐಎಲ್‌ಎಸ್‌ಗೂ ತನ್ನದೇ ಅಕ್ಷರಗಳಿವೆ. ರಿಪೇರಿ ನಡೆಯುತ್ತಿದ್ದಾಗ ಮೋರ್ಸನ್ನು ನಿಲ್ಲಿಸುತ್ತಾರೆ, ಇಲ್ಲವೇ ಟಿ-ಎಸ್-ಟಿ ಎಂದು, ಅಂದರೆ ಒಂದು ಗೆರೆ, ಮೂರು ಚುಕ್ಕೆ, ಮತ್ತೆ ಒಂದು ಗೆರೆ ಎಂದು ಬಿಡುತ್ತಾರೆ. ಆ ಹೊತ್ತಿನಲ್ಲಿ ಮುಳ್ಳು ಚೆನ್ನಾಗಿಯೇ ಆಡುತ್ತಿರಬಹುದು. ಮೋರ್ಸ್ ಇಲ್ಲದ ಮುಳ್ಳಿಗೆ ಯಾವ ಬೆಲೆಯೂ ಇಲ್ಲ. ಕೆಲವು ರನ್‌ವೇಗಳ ಎರಡೂ ತುದಿಯ ಲೋಕಲೈಸರ್‌ಗಳು ಒಂದೇ ಫ್ರೀಕ್ವೆನ್ಸಿ ಹಂಚಿಕೊಂಡಿರುತ್ತವೆ, ಒಂದು ಸಲಕ್ಕೆ ಒಂದೇ ಹೊತ್ತಿರುತ್ತದೆ. ರನ್‌ವೇ ದಿಕ್ಕು ಬದಲಾದಾಗ ಯಾರೋ ಸ್ವಿಚ್ ಬದಲಿಸಲು ಮರೆತರೆ ನೀವು ಹಿಡಿದಿರುವುದು ಆ ಕಡೆಯದು. ಫ್ರೀಕ್ವೆನ್ಸಿ ನೋಡಿದರೆ ಇದು ಗೊತ್ತಾಗುವುದಿಲ್ಲ, ಅಕ್ಷರ ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಆದರೆ ಸಮೋವಾದಲ್ಲಿ ಕಂಡ ಹಾಗೆ ಮೋರ್ಸ್ ಸರಿಯಿದ್ದ ಮಾತ್ರಕ್ಕೆ ಗ್ಲೈಡ್ ಸ್ಲೋಪ್ ಸರಿಯಿದೆ ಎಂದಲ್ಲ. ಮೋರ್ಸ್ ಬರುವುದು ಲೋಕಲೈಸರ್‌ನಿಂದ; ಗ್ಲೈಡ್ ಸ್ಲೋಪ್‌ಗೆ ಸ್ವಂತ ಮೋರ್ಸ್ ಇಲ್ಲ.

ಈಗ ಮೊದಲು ಹೇಳಿದ ವಿಮಾನಕ್ಕೆ ಹಿಂತಿರುಗೋಣ. 4 ಮೈಲು, 1,320 ಅಡಿ, ಗ್ಲೈಡ್ ಸ್ಲೋಪ್ ಫ್ಲ್ಯಾಗ್. ಲೋಕಲೈಸರ್ ಇನ್ನೂ ಜೀವಂತವಾಗಿದೆ.

ಪೈಲಟ್ ಮೊದಲು ನೋಡಬೇಕಾದ್ದು ವಿಮಾನವನ್ನು, ಫ್ಲ್ಯಾಗನ್ನಲ್ಲ. ಮೂಗಿನ ಕೋನ, ವೇಗ, ಆಟೋಪೈಲಟ್ ಈಗ ಯಾವ ಮೋಡ್‌ನಲ್ಲಿದೆ. ಸಂಕೇತ ಹೋದ ತಕ್ಷಣ ಆಟೋಪೈಲಟ್‌ಗಳು ಒಂದೊಂದು ಥರ ವರ್ತಿಸುತ್ತವೆ. ಕೆಲವು ಇದ್ದ ಕೋನವನ್ನೇ ಹಿಡಿದು ಕೆಲವು ಸೆಕೆಂಡ್ ಇಳಿಯುತ್ತವೆ, ಕೆಲವು ಮೋಡ್ ಬಿಟ್ಟು ಎಚ್ಚರಿಸುತ್ತವೆ. ನಿಮ್ಮ ವಿಮಾನ ಏನು ಮಾಡುತ್ತದೆ ಎಂಬುದನ್ನು ಅದರ ಮ್ಯಾನ್ಯುಯಲ್‌ನಲ್ಲಿ ಇವತ್ತೇ ಓದಿಕೊಳ್ಳಿ. ಎರಡನೆಯದಾಗಿ, ಫ್ಲ್ಯಾಗ್ ಒಂದು ಕಡೆಯೋ ಎರಡೂ ಕಡೆಯೋ? ಎರಡೂ ರಿಸೀವರ್‌ನಲ್ಲಿ ಬಿದ್ದಿದ್ದರೆ ಕೆಟ್ಟದ್ದು ನೆಲದ ಯಂತ್ರ. ಒಂದರಲ್ಲೇ ಬಿದ್ದಿದ್ದರೆ ಕೆಟ್ಟದ್ದು ನಮ್ಮದು. ನಮ್ಮದು ಎಂದರೆ ಯಾವಾಗಲೂ ಪೆಟ್ಟಿಗೆಯೇ ಸುಟ್ಟಿದೆ ಎಂದಲ್ಲ. ಸ್ಟ್ಯಾಂಡ್‌ಬೈ ಫ್ರೀಕ್ವೆನ್ಸಿ ಗುಂಡಿಗೆ ಕೈ ತಾಗಿ ಐಎಲ್‌ಎಸ್ ಆಚೆ ಹೋಗಿ ವಿಓಆರ್ (ದಿಕ್ಕು ತೋರಿಸುವ ನೆಲದ ರೇಡಿಯೋ ಕೇಂದ್ರ) ಈಚೆ ಬಂದಿರಬಹುದು. ಸಣ್ಣ ವಿಮಾನಗಳಲ್ಲಿ ಮುಳ್ಳಿನ ಮೂಲ ಜಿಪಿಎಸ್‌ಗೆ ಜಾರಿರುತ್ತದೆ, ಲೋಕಲೈಸರ್ ಎಂದುಕೊಂಡು ಜಿಪಿಎಸ್ ದಾರಿ ಹಾರಿಸುತ್ತಿರುತ್ತಾರೆ. ಇದು ತರಬೇತಿ ವಿಮಾನಗಳಲ್ಲಿ ಪದೇ ಪದೇ ಆಗುವ ತಪ್ಪು.

ಫ್ಲ್ಯಾಗ್ ಒಮ್ಮೆ ಮಿನುಗಿ ಮಾಯವಾಗುವುದೂ ಉಂಟು. ನೆಲದ ಯಂತ್ರಕ್ಕೆ ಮಾನಿಟರ್ ಇರುತ್ತದೆ. ಸಂಕೇತ ಮಿತಿ ಮೀರಿದರೆ ಅದು ಬದಲಿ ಟ್ರಾನ್ಸ್‌ಮಿಟರ್‌ಗೆ ಹೋಗಬೇಕು, ಇಲ್ಲವೇ ಬಂದ್ ಮಾಡಬೇಕು. ಇದಕ್ಕೆ ಅಂತರರಾಷ್ಟ್ರೀಯ ಮಿತಿ ಇದೆ: ಕೆಟಗರಿ 1ರ (ಸಾಮಾನ್ಯ ದರ್ಜೆಯ) ಲೋಕಲೈಸರ್‌ಗೆ 10 ಸೆಕೆಂಡ್, ಗ್ಲೈಡ್ ಸ್ಲೋಪ್‌ಗೆ 6, ಕೆಟಗರಿ 3ಕ್ಕೆ (ದಟ್ಟ ಮಂಜಿನಲ್ಲೂ ಇಳಿಸುವ ದರ್ಜೆಗೆ) ಎರಡಕ್ಕೂ 2 ಸೆಕೆಂಡ್. ಈ ಅಂಕಿಗಳನ್ನು ತಿರುಗಿಸಿ ಓದಿ. ಕೆಟಗರಿ 1ರಲ್ಲಿ ತಪ್ಪು ಸಂಕೇತ 10 ಸೆಕೆಂಡ್‌ವರೆಗೆ ಫ್ಲ್ಯಾಗಿಲ್ಲದೆ ನಿಮ್ಮನ್ನು ಎಳೆಯಬಹುದು. ಅಷ್ಟರಲ್ಲಿ 140 ನಾಟ್‌ನ ವಿಮಾನ 700 ಮೀಟರ್‌ಗೂ ಹೆಚ್ಚು ಸಾಗಿರುತ್ತದೆ. ಮುಳ್ಳು ಇದ್ದಕ್ಕಿದ್ದಂತೆ ಸರಿದರೆ ಅದರ ಬೆನ್ನು ಹತ್ತಬೇಡಿ. ವಿಮಾನ ಅಷ್ಟು ಬೇಗ ಸರಿಯುವುದಿಲ್ಲ, ಸರಿದದ್ದು ಸಂಕೇತ.

ಈಗ ನಿರ್ಧಾರ. ಲೋಕಲೈಸರ್ ಮಾತ್ರ ಬಳಸಿ ಮುಂದುವರಿಯಬಹುದೇ? ಚಾರ್ಟ್‌ನಲ್ಲಿ ಅದಕ್ಕೆ ಬೇರೆ ಮಿನಿಮಾ, ಅಂದರೆ ರನ್‌ವೇ ಕಾಣದೆ ಇಳಿಯಬಹುದಾದ ಕನಿಷ್ಠ ಎತ್ತರ, ಇದ್ದರೆ ತತ್ವತಃ ಬಹುದು. ಆದರೆ ಲೆಕ್ಕ ನೋಡಿ. ಐಎಲ್‌ಎಸ್‌ನಲ್ಲಿ ನಿರ್ಧಾರದ ಎತ್ತರ ನೆಲದಿಂದ 200 ಅಡಿ; ಅಲ್ಲಿಗೆ ರನ್‌ವೇ ತುದಿ ಅರ್ಧ ಮೈಲು. ಲೋಕಲೈಸರ್‌ನಲ್ಲಿ ಕನಿಷ್ಠ ಎತ್ತರ 450 ಅಡಿ ಎಂದಿಟ್ಟುಕೊಳ್ಳಿ. ಅದನ್ನು ಮುಟ್ಟುವಾಗ ರನ್‌ವೇ ಇನ್ನೂ ಒಂದೂಕಾಲು ಮೈಲು, ಅಂದರೆ 2.3 ಕಿಲೋಮೀಟರ್ ದೂರ. ರನ್‌ವೇಯಲ್ಲಿ 700 ಮೀಟರ್ ಕಾಣುತ್ತಿದೆ ಎಂದು ಟವರ್ ಹೇಳಿದ್ದರೆ ಅಷ್ಟು ದೂರದಿಂದ ರನ್‌ವೇ ಕಾಣುವ ಮಾತೇ ಇಲ್ಲ. ಅಲ್ಲಿಗೆ ಹವಾಮಾನವೇ ಉತ್ತರ ಹೇಳಿಬಿಟ್ಟಿತು. ಮೋಡದ ತಳ 900 ಅಡಿ, ಕೆಳಗೆ 6 ಕಿಲೋಮೀಟರ್ ನೋಟ ಎಂದಿದ್ದರೆ ಮಾತು ಬೇರೆ.

ಇನ್ನು ಸಮಯ. 4 ಮೈಲಿಯಿಂದ ಒಂದೂಕಾಲು ಮೈಲಿಗೆ 70 ಸೆಕೆಂಡ್. ಆ 70 ಸೆಕೆಂಡ್‌ಗಳಲ್ಲಿ ಮಿನಿಮಾ ಬದಲಿಸಬೇಕು, ಗ್ಲೈಡ್ ಸ್ಲೋಪ್ ಮೋಡ್ ಬಿಟ್ಟು ವರ್ಟಿಕಲ್ ಸ್ಪೀಡ್ ಮೋಡ್‌ಗೆ 740 ಕೊಡಬೇಕು, ಪ್ರತಿ ಮೈಲಿಗೂ ಎತ್ತರ ಕೂಗಿ ಹೇಳಬೇಕು, ಕಂಟ್ರೋಲರ್‌ಗೆ ತಿಳಿಸಬೇಕು, ಲ್ಯಾಂಡಿಂಗ್ ಚೆಕ್ ಮುಗಿಸಬೇಕು. ಇವೆಲ್ಲವನ್ನೂ ಮೊದಲೇ ಬ್ರೀಫ್ ಮಾಡಿದ್ದರೆ, ಲೋಕಲೈಸರ್ ಮಿನಿಮಾ ಇಬ್ಬರ ಬಾಯಲ್ಲೂ ಇದ್ದರೆ, ವಿಮಾನ 1,000 ಅಡಿಗಿಂತ ಮೇಲಿದ್ದು ಸ್ಥಿರವಾಗಿದ್ದರೆ, ಕಂಪನಿಯ ನಿಯಮವೂ ಒಪ್ಪಿದರೆ ಮುಂದುವರಿಯಿರಿ. ಇದರಲ್ಲಿ ಒಂದು ತಪ್ಪಿದರೂ ಗೋ-ಅರೌಂಡ್. ನನ್ನ ಅಭಿಪ್ರಾಯ ಇನ್ನೂ ಸ್ವಲ್ಪ ಕಟ್ಟುನಿಟ್ಟಾದದ್ದು: ಬ್ರೀಫ್ ಮಾಡದೇ ಇರುವುದನ್ನು ಫೈನಲ್ ಅಪ್ರೋಚ್ ಫಿಕ್ಸ್ ದಾಟಿದ ಮೇಲೆ ಶುರು ಮಾಡಲೇಬಾರದು. ಇಂಧನ ಇರುವವರೆಗೆ ಎರಡನೇ ಅಪ್ರೋಚ್‌ಗೆ ತಗಲುವುದು ಹದಿನೈದು ನಿಮಿಷ ಮಾತ್ರ.

ಮುಂದುವರಿಯುವವರು ಒಂದು ವ್ಯತ್ಯಾಸ ಮರೆಯಬಾರದು. ಐಎಲ್‌ಎಸ್‌ನ ನಿರ್ಧಾರದ ಎತ್ತರದಲ್ಲಿ ಗೋ-ಅರೌಂಡ್ ಶುರು ಮಾಡಿದಾಗ ವಿಮಾನ ಸ್ವಲ್ಪ ಕೆಳಗೆ ಜಗ್ಗುವುದಕ್ಕೆ ಅವಕಾಶ ಇಟ್ಟಿರುತ್ತಾರೆ. ಲೋಕಲೈಸರ್‌ನ ಕನಿಷ್ಠ ಎತ್ತರದ ಕೆಳಗೆ ಒಂದು ಅಡಿಯೂ ಇಳಿಯುವಂತಿಲ್ಲ. ಅದಕ್ಕೇ ನಿರಂತರವಾಗಿ ಇಳಿಯುವವರು ಅದರ ಮೇಲೆ ಸಾಮಾನ್ಯವಾಗಿ 50 ಅಡಿ ಸೇರಿಸಿಕೊಂಡು ಅಲ್ಲೇ ಎಳೆಯುತ್ತಾರೆ.

ಗ್ಲೈಡ್ ಸ್ಲೋಪ್ ಇಲ್ಲ ಎಂದು ಮೊದಲೇ ಗೊತ್ತಿದ್ದಾಗಲೂ ದುರಂತ ಆಗಿದೆ. 1997ರ ಆಗಸ್ಟ್ 6ರಂದು ಗುವಾಮ್‌ನಲ್ಲಿ ಕೊರಿಯನ್ ಏರ್‌ನ ಬೋಯಿಂಗ್ 747, ಫ್ಲೈಟ್ 801, ರನ್‌ವೇಗೆ ಸುಮಾರು 3 ಮೈಲು ಮೊದಲೇ ನಿಮಿಟ್ಸ್ ಹಿಲ್ ಎಂಬ ಗುಡ್ಡಕ್ಕೆ ಬಡಿಯಿತು. ವಿಮಾನದಲ್ಲಿದ್ದ 254 ಜನರಲ್ಲಿ 228 ಮಂದಿ ಸತ್ತರು. ಗ್ಲೈಡ್ ಸ್ಲೋಪ್ ಕೆಲಸ ಮಾಡುತ್ತಿಲ್ಲ ಎಂದು ನೋಟಾಮ್ (ಪೈಲಟ್‌ಗಳಿಗೆ ಕೊಡುವ ಅಧಿಕೃತ ಸೂಚನೆ) ಇತ್ತು, ಕಂಟ್ರೋಲರ್ ಕೂಡ ಹೇಳಿದ್ದರು. ಆದರೂ ಇಳಿಯುತ್ತಿರುವಾಗ ಕಾಕ್‌ಪಿಟ್‌ನಲ್ಲಿ ಗ್ಲೈಡ್ ಸ್ಲೋಪ್ ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂಬ ಮಾತು ನಡೆಯಿತು. ಅಲ್ಲಿನ ಇನ್ನೊಂದು ವಿಶೇಷವೆಂದರೆ ವಿಓಆರ್ ಮತ್ತು ಡಿಎಂಇ ನಿಲ್ದಾಣದಲ್ಲಿರಲಿಲ್ಲ, ರನ್‌ವೇಗೆ 3.3 ಮೈಲು ಮೊದಲೇ, ಅದೇ ಗುಡ್ಡದ ಮೇಲಿದ್ದವು. ಅಲ್ಲಿ ಡಿಎಂಇ ಸೊನ್ನೆ ತೋರಿಸಿದಾಗ ರನ್‌ವೇ ಬಂದಿರುವುದಿಲ್ಲ. ದಾಟಬೇಕಾದ ಗುಡ್ಡ ಕಾಲ ಕೆಳಗಿರುತ್ತದೆ. ವಿಓಆರ್ ದಾಟುವವರೆಗೆ 1,440 ಅಡಿಯಿಂದ ಕೆಳಗಿಳಿಯಬಾರದು ಎಂದು ಚಾರ್ಟ್ ಹೇಳುತ್ತಿತ್ತು. ವಿಮಾನ ಹಂತಗಳನ್ನು ಹಿಡಿಯದೆ ಇಳಿಯುತ್ತಲೇ ಹೋಯಿತು. ಕೆಟ್ಟದ್ದನ್ನು "ಕೆಟ್ಟಿದೆ" ಎಂದು ಒಪ್ಪಿಕೊಂಡ ಮೇಲೆ ಆ ಮುಳ್ಳು ಅಲುಗಿದರೂ ನೋಡಬಾರದು. ಸಾಧ್ಯವಿದ್ದರೆ ಅದನ್ನು ತೆರೆಯಿಂದಲೇ ತೆಗೆದುಬಿಡಬೇಕು. ಮತ್ತು ಡಿಎಂಇ ಎಲ್ಲಿದೆ, ಸೊನ್ನೆ ಎಲ್ಲಿ ಬರುತ್ತದೆ ಎಂಬುದನ್ನು ಬ್ರೀಫಿಂಗ್‌ನಲ್ಲಿ ಬಾಯಿಬಿಟ್ಟು ಹೇಳಬೇಕು.

ಲೋಕಲೈಸರ್ ಹೋದರೆ? ಇಲ್ಲಿ ಚರ್ಚೆಯೇ ಇಲ್ಲ. ಎಡ ಬಲ ಹೇಳುವವರಿಲ್ಲದೆ ಗ್ಲೈಡ್ ಸ್ಲೋಪ್ ಒಂದನ್ನೇ ನಂಬಿ ಇಳಿಯುವಂತಿಲ್ಲ. ರನ್‌ವೇ ಕಾಣುತ್ತಿಲ್ಲವೆಂದರೆ ಗೋ-ಅರೌಂಡ್, ಅಷ್ಟೆ.

ಲೋಕಲೈಸರ್ ಪೂರ್ತಿ ಹೋಗದೆ ಬಾಗುವುದೂ ಇದೆ. ಆಂಟೆನಾ ಎದುರು ದೊಡ್ಡ ವಿಮಾನವೋ ವಾಹನವೋ ಬಂದರೆ ಸಂಕೇತ ಅದಕ್ಕೆ ಬಡಿದು ವಕ್ರವಾಗುತ್ತದೆ. ಮಂಜು ಕವಿದಿದ್ದಾಗ ಕಂಟ್ರೋಲರ್‌ಗಳು ಆ ಜಾಗವನ್ನು ಖಾಲಿ ಇಡುತ್ತಾರೆ. ಹವಾಮಾನ ಚೆನ್ನಾಗಿದ್ದಾಗ ಇಡುವುದಿಲ್ಲ. 2011ರ ನವೆಂಬರ್ 3ರಂದು ಮ್ಯೂನಿಕ್‌ನಲ್ಲಿ ಸಿಂಗಪುರ್ ಏರ್‌ಲೈನ್ಸ್‌ನ ಬೋಯಿಂಗ್ 777 ಆಟೋಪೈಲಟ್‌ನಲ್ಲೇ ನೆಲ ಮುಟ್ಟಲು ಹೊರಟಿತ್ತು. ಮುಂದೆ ಅದೇ ರನ್‌ವೇಯಿಂದ ಮೇಲೇರಿದ ವಿಮಾನ ಲೋಕಲೈಸರ್ ಆಂಟೆನಾ ದಾಟುವಾಗ ಸಂಕೇತ ಕೆಟ್ಟಿತು, 777 ಎಡಕ್ಕೆ ಎಳೆದು, ನೆಲ ಮುಟ್ಟಿ, ರನ್‌ವೇ ಬಿಟ್ಟು ಹುಲ್ಲಿಗಿಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಬಿಸಿಲಿನಲ್ಲಿ ಆಟೋಲ್ಯಾಂಡ್ ಅಭ್ಯಾಸ ಮಾಡುವವರು ಕಂಟ್ರೋಲರ್‌ಗೆ ಮೊದಲೇ ಹೇಳಬೇಕು, ಕೈ ಸದಾ ನಿಯಂತ್ರಣದ ಮೇಲಿರಬೇಕು.

ವಿಓಆರ್ ಬಗ್ಗೆ, ಅದಕ್ಕಿಂತ ಹಳೆಯ ಬಗೆಯ ರೇಡಿಯೋ ಕೇಂದ್ರ ಎನ್‌ಡಿಬಿ ಬಗ್ಗೆ ಚುಟುಕಾಗಿ. ವಿಓಆರ್ ಹೋದರೆ ಫ್ಲ್ಯಾಗ್ ಬೀಳುತ್ತದೆ. ಅದರ ನೆತ್ತಿಯ ಮೇಲೆ ಹಾರುವಾಗಲೂ ಕೆಲಹೊತ್ತು ಫ್ಲ್ಯಾಗ್ ಮಿನುಗುವುದು ಸಹಜ, ಗಾಬರಿ ಬೇಡ, ಹೆಡಿಂಗ್ (ವಿಮಾನದ ಮೂಗಿನ ದಿಕ್ಕು) ಹಿಡಿದಿರಿ. ಡಿಎಂಇ ಹೋದರೆ ಹಳೆಯ ಅಂಕಿಯನ್ನೇ ಸುಮಾರು 10 ಸೆಕೆಂಡ್ ನೆನಪಿನಿಂದ ಎಳೆದು ಆಮೇಲೆ ಗೆರೆ ತೋರಿಸುತ್ತದೆ. ಎನ್‌ಡಿಬಿ ಮಾತ್ರ ಅಪಾಯಕಾರಿ: ಅದರ ದಿಕ್ಕು ತೋರಿಸುವ ವಿಮಾನದ ಉಪಕರಣ ಎಡಿಎಫ್‌ಗೆ ಫ್ಲ್ಯಾಗೇ ಇಲ್ಲ. ನೆಲದ ಯಂತ್ರ ಸತ್ತರೆ ಮುಳ್ಳು ಇದ್ದಲ್ಲೇ ನಿಲ್ಲಬಹುದು, ಪಕ್ಕದ ಗುಡುಗು ಮೋಡದ ಕಡೆ ತಿರುಗಬಹುದು. ಹಾಗಾಗಿ ಎನ್‌ಡಿಬಿ ಅಪ್ರೋಚ್ ಪೂರ್ತಿ ಆ ಮೋರ್ಸ್ ಸದ್ದು ಹಿನ್ನೆಲೆಯಲ್ಲಿ ಸಣ್ಣಗೆ ಕೇಳುತ್ತಲೇ ಇರಬೇಕು. ಸದ್ದು ನಿಂತರೆ ಅದೇ ನಿಮ್ಮ ಫ್ಲ್ಯಾಗ್.

ಜಿಪಿಎಸ್‌ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ಅದರ ಸ್ವಭಾವವೇ ಬೇರೆ. ರಿಸೀವರ್ ತನ್ನ ಲೆಕ್ಕವನ್ನು ತಾನೇ ಪರೀಕ್ಷಿಸುತ್ತದೆ, ಅದಕ್ಕೆ ರೈಮ್ ಎನ್ನುತ್ತೇವೆ. ಸ್ಥಾನ ತಿಳಿಯಲು 4 ಉಪಗ್ರಹ ಸಾಕು. ತಪ್ಪನ್ನು ಪತ್ತೆ ಹಚ್ಚಲು 5 ಬೇಕು. ತಪ್ಪಿದ ಉಪಗ್ರಹ ಯಾವುದೆಂದು ಗುರುತಿಸಿ ಬಿಡಲು 6 ಬೇಕು. ಫೈನಲ್ ಅಪ್ರೋಚ್ ಫಿಕ್ಸ್‌ಗೆ ಮೊದಲು ರೈಮ್ ಎಚ್ಚರಿಕೆ ಬಂದರೆ ಅಪ್ರೋಚ್‌ಗೆ ಇಳಿಯಲೇಬಾರದು. ದಾಟಿದ ಮೇಲೆ ಬಂದರೆ ತಕ್ಷಣ ಮಿಸ್ಡ್ ಅಪ್ರೋಚ್, ಅಂದರೆ ಗೋ-ಅರೌಂಡ್ ಮಾಡಿ ಚಾರ್ಟ್‌ನಲ್ಲಿರುವ ಏರುವ ದಾರಿ ಹಿಡಿಯುವುದು. ಹೆಚ್ಚುವರಿ ಉಪಗ್ರಹಗಳ ತಿದ್ದುಪಡಿಯಿಂದ ಇಳಿಜಾರನ್ನೂ ತೋರಿಸುವ ಎಲ್‌ಪಿವಿ ಅಪ್ರೋಚ್ ಹಾರಿಸುವಾಗ ನಿಖರತೆ ಸಾಲದೆ ಹೋದರೆ ಕೆಲವು ರಿಸೀವರ್‌ಗಳು ಎಡ ಬಲ ಮಾತ್ರ ತೋರಿಸುವ ಎಲ್‌ನ್ಯಾವ್‌ಗೆ ಇಳಿಸಿ ತೆರೆಯ ಮೇಲೆ ಹೇಳುತ್ತವೆ. ಆಗ ಮುಳ್ಳು ಚೆನ್ನಾಗಿಯೇ ಇರುತ್ತದೆ, ಬದಲಾಗಿರುವುದು ತೆರೆಯ ಒಂದು ಮೂಲೆಯಲ್ಲಿರುವ ನಾಲ್ಕಾರು ಅಕ್ಷರ. ಆ ಅಕ್ಷರ ಬದಲಾದರೆ ನಿಮ್ಮ ಮಿನಿಮಾ ಕೂಡ ಬದಲಾಯಿತು. ಫಿಕ್ಸ್‌ಗೆ ಎರಡು ಮೈಲು ಇರುವಾಗ ಒಬ್ಬರು ಆ ಅಕ್ಷರಗಳನ್ನು ಗಟ್ಟಿಯಾಗಿ ಓದುವ ಅಭ್ಯಾಸ ಮಾಡಿಕೊಳ್ಳಿ.

ಇಲ್ಲಿ ಎತ್ತರದ ಒಂದು ಸೂಕ್ಷ್ಮವನ್ನು ಹೇಳಲೇಬೇಕು. ಗ್ಲೈಡ್ ಸ್ಲೋಪ್ ಹೋಗಲಿ, ಎಲ್‌ಪಿವಿ ಹೋಗಲಿ, ಆ ಕ್ಷಣದಿಂದ ನಿಮ್ಮ ಎತ್ತರಕ್ಕೆ ಆಧಾರ ಆಲ್ಟಿಮೀಟರ್ ಒಂದೇ. ಅದರಲ್ಲಿ ಒತ್ತಡ ತಪ್ಪಾಗಿ ಕೂತಿದ್ದರೆ ದೂರ–ಎತ್ತರದ ತಾಳೆ ಕೂಡ ನಿಮ್ಮನ್ನು ಕಾಪಾಡುವುದಿಲ್ಲ, ಏಕೆಂದರೆ ದಾರಿ ಹಾಕುವುದೂ ಅದೇ ಆಲ್ಟಿಮೀಟರ್, ತಾಳೆ ನೋಡುವುದೂ ಅದನ್ನೇ. 2022ರ ಮೇ 23ರಂದು ಪ್ಯಾರಿಸ್‌ನ ಷಾರ್ಲ್ ದ ಗೋಲ್ ನಿಲ್ದಾಣದಲ್ಲಿ ಒಂದು ಏರ್‌ಬಸ್ ಎ320 ಹೀಗೆ ಇಳಿಯುತ್ತಿತ್ತು. ನಿಜವಾದ ಒತ್ತಡ 1001, ಕಂಟ್ರೋಲರ್ ಬಾಯಲ್ಲಿ ಬಂದದ್ದು 1011. ಹತ್ತು ಅಂಕಿ, 280 ಅಡಿ. ಎಲ್ಲ ಮುಳ್ಳೂ ನಡುವಿದ್ದವು, ಆಲ್ಟಿಮೀಟರ್ ಚಾರ್ಟ್‌ಗೆ ಸರಿಯಾಗಿ ತಾಳೆಯಾಗುತ್ತಿತ್ತು. ರನ್‌ವೇ ತಲುಪುವ ಮೊದಲೇ ವಿಮಾನ ನೆಲದಿಂದ 6 ಅಡಿ ಎತ್ತರಕ್ಕೆ ಬಂದು ಗೋ-ಅರೌಂಡ್ ಮಾಡಿತು. ಆದ್ದರಿಂದ ಗ್ಲೈಡ್ ಸ್ಲೋಪ್ ಬಿಟ್ಟು ಬೇರೆ ವಿಧಕ್ಕೆ ಹೋಗುವಾಗ ಒತ್ತಡವನ್ನು ಎರಡನೇ ಮೂಲದಿಂದ, ನಿಲ್ದಾಣದ ಧ್ವನಿಮುದ್ರಿತ ಹವಾಮಾನ ವರದಿಯಿಂದಲೋ ಹಿಂದಿನ ಗಂಟೆಯ ವರದಿಯಿಂದಲೋ, ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ. ನೆಲಕ್ಕೆ ರೇಡಿಯೋ ತರಂಗ ಬಿಟ್ಟು ಎತ್ತರ ಅಳೆಯುವ ರೇಡಿಯೋ ಆಲ್ಟಿಮೀಟರ್ ಜೀವ ತಳೆದಾಗ ಅದರ ಮೇಲೂ ಕಣ್ಣಿಡಿ, ಅದು ಒತ್ತಡವನ್ನು ನಂಬಿ ಕೂತದ್ದಲ್ಲ.

ಜಿಪಿಎಸ್‌ನ ಇನ್ನೊಂದು ಗುಣ: ಅದು ಹೋಗುವಾಗ ಒಂಟಿಯಾಗಿ ಹೋಗುವುದಿಲ್ಲ. ಐಎಲ್‌ಎಸ್ ಕೆಟ್ಟರೆ ಐಎಲ್‌ಎಸ್ ಮಾತ್ರ ಕೆಡುತ್ತದೆ. ಜಿಪಿಎಸ್‌ಗೆ ಯಾರಾದರೂ ಅಡ್ಡಿ ಮಾಡಿದರೆ ನಕ್ಷೆ, ನೆಲ ಸಮೀಪಿಸಿದಾಗ ಕೂಗುವ ನೆಲದ ಎಚ್ಚರಿಕೆ, ವಿಮಾನ ಎಲ್ಲಿದೆ ಎಂದು ಪ್ರಸಾರ ಮಾಡುವ ಎಡಿಎಸ್-ಬಿ, ಕೆಲವು ವಿಮಾನಗಳಲ್ಲಿ ಗಡಿಯಾರ ಕೂಡ ಜೊತೆಗೆ ಹೋಗುತ್ತದೆ. ಸಂಕೇತವನ್ನು ಮುಚ್ಚಿಹಾಕುವ ಜ್ಯಾಮಿಂಗ್‌ನಲ್ಲಿ ಕನಿಷ್ಠ ಎಚ್ಚರಿಕೆಯಾದರೂ ಬರುತ್ತದೆ. ಸುಳ್ಳು ಸಂಕೇತ ಕೊಡುವ ಸ್ಪೂಫಿಂಗ್ ಖಾಲಿ ತಕ್ಕಡಿಯ ತಮ್ಮ. ಅದರ ಲಕ್ಷಣಗಳನ್ನು ತಿಳಿದಿರಿ: ನೆಲದ ಮೇಲಿನ ವೇಗ ಒಮ್ಮೆಲೇ ಹಾರುತ್ತದೆ, ಗಡಿಯಾರ ಹಿಂದೆ ಮುಂದೆ ಹೋಗುತ್ತದೆ, ಜಿಪಿಎಸ್ ಎತ್ತರ ಆಲ್ಟಿಮೀಟರ್‌ಗೆ ಹೊಂದುವುದಿಲ್ಲ, ನಕ್ಷೆಯ ಮೇಲಿನ ವಿಮಾನ ವಿಓಆರ್ ಹೇಳುವ ಜಾಗದಲ್ಲಿರುವುದಿಲ್ಲ. ನೆಲದ ಎಚ್ಚರಿಕೆ "ಪುಲ್ ಅಪ್" ಎಂದು ಕೂಗಿದಾಗ ಇದು ಸ್ಪೂಫಿಂಗ್ ಇರಬಹುದು ಎಂದು ಅಪ್ರೋಚ್‌ನಲ್ಲಿ, ಮೋಡದೊಳಗೆ, ತರ್ಕ ಮಾಡುತ್ತಾ ಕೂರಬೇಡಿ. ಮೇಲೆಳೆಯಿರಿ. 2024ರ ಏಪ್ರಿಲ್ ಕೊನೆಯಲ್ಲಿ ಎಸ್ಟೋನಿಯಾದ ತಾರ್ತುಗೆ ಹೊರಟ ಫಿನ್‌ಏರ್‌ನ ಎರಡು ವಿಮಾನಗಳು ಇಳಿಯಲಾಗದೆ ಹೆಲ್ಸಿಂಕಿಗೆ ಮರಳಿದವು. ಆ ಕಂಪನಿ ಅಲ್ಲಿ ಬಳಸುತ್ತಿದ್ದ ಅಪ್ರೋಚ್ ಜಿಪಿಎಸ್ ಮೇಲೆ ನಿಂತಿತ್ತು. ಬೇರೆ ದಾರಿ ವ್ಯವಸ್ಥೆಯಾಗುವವರೆಗೆ, ಮೇ ಕೊನೆತನಕ, ಹಾರಾಟವೇ ನಿಂತಿತು. ಹೀಗಾಗಿ ಬದಲಿ ನಿಲ್ದಾಣ ಆರಿಸುವಾಗ ಕೇಳಿಕೊಳ್ಳಬೇಕಾದ್ದು: ಇಲ್ಲಿ ಕೆಟ್ಟದ್ದೇ ಅಲ್ಲಿಯೂ ಕೆಟ್ಟಿರುತ್ತದೆಯೇ? ಗಮ್ಯಕ್ಕೆ ಜಿಪಿಎಸ್ ಅಪ್ರೋಚ್ ಇದ್ದರೆ ಬದಲಿಗೆ ಐಎಲ್‌ಎಸ್ ಇರುವ ಕಡೆ ಇಟ್ಟುಕೊಳ್ಳಿ.

ಕೊನೆಗೆ ಗೋ-ಅರೌಂಡ್. ಪವರ್, ಮೂಗು ಮೇಲಕ್ಕೆ, ಫ್ಲ್ಯಾಪ್, ಏರುತ್ತಿರುವುದು ಖಚಿತವಾದ ಮೇಲೆ ಗೇರ್, ಆಮೇಲೆ ದಾರಿ, ಆಮೇಲೆ ಮಾತು. ಮಾತು ಚಿಕ್ಕದಿರಲಿ: "ಗೋಯಿಂಗ್ ಅರೌಂಡ್, ಲೋಕಲೈಸರ್ ಫೇಲ್ಯೂರ್", ಜಿಪಿಎಸ್ ಆದರೆ "ಅನೇಬಲ್ ಆರ್‌ಎನ್‌ಪಿ", ಅಂದರೆ ಜಿಪಿಎಸ್ ದಾರಿ ಹಿಡಿಯಲಾಗುತ್ತಿಲ್ಲ. ಮಿಸ್ಡ್ ಅಪ್ರೋಚ್ ದಾರಿಯನ್ನು ಸಾಮಾನ್ಯವಾಗಿ 2.5 ಶೇಕಡಾ ಏರಿಕೆಗೆ ಹಾಕಿರುತ್ತಾರೆ, ಅಂದರೆ ಮೈಲಿಗೆ 152 ಅಡಿ, 140 ನಾಟ್‌ನಲ್ಲಿ ನಿಮಿಷಕ್ಕೆ 355. ಇದು ಕನಿಷ್ಠ; ಗುಡ್ಡಗಾಡಿನಲ್ಲಿ ಚಾರ್ಟ್ ಹೆಚ್ಚು ಕೇಳಬಹುದು. 4 ಮೈಲಿಯಲ್ಲೇ ಗೋ-ಅರೌಂಡ್ ಮಾಡಿದರೆ ಏರಬಹುದು, ಆದರೆ ತಿರುಗುವಂತಿಲ್ಲ. ತಿರುವುಗಳೆಲ್ಲ ಚಾರ್ಟ್‌ನಲ್ಲಿ ಗುರುತಿಸಿರುವ ಮಿಸ್ಡ್ ಅಪ್ರೋಚ್ ಪಾಯಿಂಟ್ ದಾಟಿದ ಮೇಲೆಯೇ. ಲೋಕಲೈಸರ್ ಹೋಗಿದ್ದರೆ ಅಲ್ಲಿಯವರೆಗೆ ಗಾಳಿಯ ತಿದ್ದುಪಡಿ ಇದ್ದ ಹೆಡಿಂಗನ್ನೇ ಹಿಡಿಯಿರಿ, ಆವರೆಗೆ ನಿಮ್ಮನ್ನು ಸರಿದಾರಿಯಲ್ಲಿ ಇಟ್ಟಿದ್ದು ಅದೇ ಹೆಡಿಂಗ್.

ಇಲ್ಲೊಂದು ಬಲೆ ಇದೆ. ಮಿಸ್ಡ್ ಅಪ್ರೋಚ್ "ಇಂಥ ವಿಓಆರ್‌ಗೆ ಹೋಗಿ ಸುತ್ತಿ" ಎನ್ನುತ್ತದೆ; ಕೆಟ್ಟಿರುವುದು ಅದೇ ವಿಓಆರ್ ಆಗಿದ್ದರೆ? ಜಿಪಿಎಸ್ ಅಪ್ರೋಚ್‌ಗೆ ಜಿಪಿಎಸ್ ಮಿಸ್ಡ್ ಅಪ್ರೋಚ್ ಇದ್ದು, ಹೋಗಿರುವುದು ಜಿಪಿಎಸ್ಸೇ ಆಗಿದ್ದರೆ? ಇದಕ್ಕೆ ಬ್ರೀಫಿಂಗ್‌ನಲ್ಲಿ ಒಂದು ಸಾಲು ಮೀಸಲಿಡಿ: "ಇದು ಹೋದರೆ ಇಂಥ ಹೆಡಿಂಗ್, ಇಂಥ ಎತ್ತರದವರೆಗೆ, ರಾಡಾರ್ ವೆಕ್ಟರ್ (ಕಂಟ್ರೋಲರ್ ರಾಡಾರ್ ನೋಡಿ ಹೇಳುವ ದಿಕ್ಕು) ಕೇಳುತ್ತೇವೆ." ಎತ್ತರ ಎಂದರೆ ಚಾರ್ಟ್‌ನ ಮೂಲೆಯಲ್ಲಿರುವ ಕನಿಷ್ಠ ಸುರಕ್ಷಿತ ಎತ್ತರ, ಅದು 25 ಮೈಲು ತ್ರಿಜ್ಯದೊಳಗಿನ ಅಡೆತಡೆಗಳ ಮೇಲೆ 1,000 ಅಡಿ ಅಂತರ ಕೊಡುತ್ತದೆ. ಎರಡನೇ ರೇಡಿಯೋದಲ್ಲಿ ಬೇರೊಂದು ವಿಓಆರ್ ಹಾಕಿ ಮೋರ್ಸ್ ಕೇಳಿಟ್ಟುಕೊಂಡಿದ್ದರೆ ಆ ಹೊತ್ತಿನಲ್ಲಿ ಅದು ಬಹಳ ದೊಡ್ಡ ಆಸರೆ.

ಮೇಲೆ ಬಂದು, ವಿಮಾನ ಸಮತಲವಾಗಿ, ಉಸಿರು ಹಿಡಿತಕ್ಕೆ ಬಂದ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ಕಂಡದ್ದನ್ನು ಕಂಟ್ರೋಲರ್‌ಗೆ ಅಂಕಿಗಳಲ್ಲಿ ಹೇಳಿ: ಎಷ್ಟು ಮೈಲಿಯಲ್ಲಿ, ಎಷ್ಟು ಅಡಿಯಲ್ಲಿ, ಫ್ಲ್ಯಾಗ್ ಬಿತ್ತೋ ಇಲ್ಲವೋ, ಒಂದು ರಿಸೀವರೋ ಎರಡೂನೋ, ಮೋರ್ಸ್ ಇತ್ತೋ. ಟವರ್‌ನ ಫಲಕದಲ್ಲಿ ಹಸಿರು ದೀಪ ಉರಿಯುತ್ತಿದ್ದು "ನಮ್ಮಲ್ಲಿ ಎಲ್ಲ ಸರಿ ತೋರಿಸುತ್ತಿದೆ" ಎಂದು ಅವರು ಹೇಳಿದರೂ ನೀವು ಹೇಳಿದ್ದನ್ನು ಹಿಂತೆಗೆದುಕೊಳ್ಳಬೇಡಿ, ತಂತ್ರಜ್ಞರು ಯಂತ್ರ ನೋಡಿ ಒಪ್ಪುವವರೆಗೆ ಆ ಐಎಲ್‌ಎಸ್‌ಗೆ ಮರಳಬೇಡಿ. ನಿಮ್ಮ ಹಿಂದೆ 8 ಮೈಲು ದೂರದಲ್ಲಿ, ಅದೇ ಮೋಡದೊಳಗೆ, ಅದೇ ಮುಳ್ಳನ್ನು ನೋಡುತ್ತಾ ಇನ್ನೊಂದು ವಿಮಾನ ಇಳಿಯುತ್ತಿರುತ್ತದೆ.